ಕರಾರು ಮುಗಿಯುವ ಮೊದಲೇ ಮನೆ ಖಾಲಿ ಮಾಡಿದರೆ ಅಡ್ವಾನ್ಸ್ ವಾಪಸ್ ಪಡೆಯೋದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಬಾಡಿಗೆ 28,000, ಅಡ್ವಾನ್ಸ್ 1,50,000. ಕರಾರು 11 ತಿಂಗಳಿಗೆ, ಈಗ ಐದು ತಿಂಗಳು ಮುಗಿದಿದೆ. ಕೆಲಸ ಹುಬ್ಬಳ್ಳಿಗೆ ವರ್ಗವಾಗಿದೆ. ಆರು ತಿಂಗಳ ಲಾಕ್-ಇನ್ (ಅಷ್ಟರೊಳಗೆ ಮನೆ ಬಿಡುವಂತಿಲ್ಲ), ಎರಡು ತಿಂಗಳ ನೋಟಿಸ್, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಂತ ಕರಾರಿನಲ್ಲಿದೆ. ಓನರ್ ಮಾತ್ರ "ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಕೊಡಲ್ಲ" ಅಂತಿದ್ದಾರೆ. ಗೊತ್ತಿರೋರು ದಾರಿ ಹೇಳಿ.

ಉತ್ತರ 1: ಕರಾರಿನಲ್ಲಿ ನೋಟಿಸ್ ಬಗ್ಗೆ ಇರೋ ಸಾಲನ್ನ ಇನ್ನೊಮ್ಮೆ ಓದಿ ಸರ್. "ಲಾಕ್-ಇನ್ ಮುಗಿದ ನಂತರ ಎರಡು ತಿಂಗಳ ನೋಟಿಸ್" ಅಂತ ಇದ್ದರೆ ಎಂಟು ತಿಂಗಳ ಬಾಡಿಗೆ ನಿಮ್ಮ ಮೇಲೆ ಬರುತ್ತೆ. ಲಾಕ್-ಇನ್ ಒಂದು ಕಡೆ, ನೋಟಿಸ್ ಇನ್ನೊಂದು ಕಡೆ ಬರೆದಿದ್ದರೆ, ಇವತ್ತು ಕೊಟ್ಟ ನೋಟಿಸ್ ಆರು ಮತ್ತು ಏಳನೇ ತಿಂಗಳಲ್ಲಿ ಓಡುತ್ತೆ, ಲಾಕ್-ಇನ್ ಅದರೊಳಗೇ ತೀರಿಹೋಗುತ್ತೆ. "ನಂತರ" ಅನ್ನೋ ಒಂದೇ ಪದಕ್ಕೆ 28,000 ವ್ಯತ್ಯಾಸ.

ಏಳು ತಿಂಗಳು ಅಂತಲೇ ಲೆಕ್ಕ ಹಾಕೋಣ. ನೋಟಿಸ್ ಅವಧಿಯ ಬಾಡಿಗೆಯನ್ನ ತಿಂಗಳು ತಿಂಗಳು ಕಟ್ಟಿದರೆ, ಪೇಂಟಿಂಗ್ 28,000 ಕಳೆದು 1,22,000 ವಾಪಸ್ ಬರಬೇಕು. ಆ ಎರಡು ತಿಂಗಳನ್ನೂ ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಅಂದರೆ ಉಳಿಯೋದು 66,000. ಓನರ್ ಮಾತಿನ ಧಾಟಿ ನೋಡಿದರೆ ಎರಡನೇ ದಾರಿಯೇ ನಿಮಗೆ ಕ್ಷೇಮ, ಅವರ ಕೈಯಲ್ಲಿ ನಿಮ್ಮ ದುಡ್ಡು ಕಡಿಮೆ ಇರುತ್ತೆ. ಆದರೆ ಅವರು "ಆಯ್ತು, ಮುರಿದುಕೊಳ್ಳುತ್ತೇನೆ" ಅಂತ ಮೆಸೇಜಿನಲ್ಲಾದರೂ ಒಪ್ಪಬೇಕು. ಹೇಳದೆ ಕೇಳದೆ ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವರು ನೀವೇ ಆಗ್ತೀರಿ.

ನೋಟಿಸನ್ನ ಫೋನಿನಲ್ಲಿ ಹೇಳಿ ಬಿಡಬೇಡಿ. ವಾಟ್ಸಾಪ್, ಇಮೇಲ್ ಎರಡರಲ್ಲೂ ಹಾಕಿ, ಕರಾರಿನಲ್ಲಿರೋ ವಿಳಾಸಕ್ಕೆ ಒಂದು ಪ್ರತಿ ಅಂಚೆಯಲ್ಲೂ ಕಳಿಸಿ, ತಲುಪಿದ ಪುರಾವೆ ಇಟ್ಟುಕೊಳ್ಳಿ. ಅದರಲ್ಲಿ ಖಾಲಿ ಮಾಡೋ ದಿನಾಂಕ, ಅಡ್ವಾನ್ಸ್ ಕೊಟ್ಟ ದಿನಾಂಕ ಮತ್ತು ಮೊತ್ತ, ನಿಮ್ಮ ಬ್ಯಾಂಕ್ ಖಾತೆ, ಇಷ್ಟಿದ್ದರೆ ಸಾಕು.

ಉತ್ತರ 2: ಕಾನೂನಿನ ಕಡೆಯಿಂದ ಸ್ವಲ್ಪ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ನಡೆಯುವುದು ಕರಾರು, 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎನ್ನುವ 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ಓನರ್ ಮುಂದೆ ಎತ್ತಬೇಡಿ. ಅದು ಕೇಂದ್ರದ ಮಾದರಿ ಮಾತ್ರ, ಅದನ್ನು ಕಾನೂನು ಮಾಡಿಕೊಂಡ ರಾಜ್ಯದಲ್ಲಷ್ಟೇ ನಡೆಯುತ್ತದೆ.

ನಿಮಗೆ ಉಪಯೋಗಕ್ಕೆ ಬರುವುದು ಕರಾರು ಕಾಯ್ದೆಯ 74ನೇ ಸೆಕ್ಷನ್. ಮಧ್ಯದಲ್ಲಿ ಬಿಟ್ಟರೆ ಪೂರ್ತಿ ಅಡ್ವಾನ್ಸ್ ಮುಟ್ಟುಗೋಲು ಎಂದು ಬರೆದಿದ್ದರೂ ನ್ಯಾಯಾಲಯ ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ, ಬರೆದ ಮೊತ್ತ ಅದರ ಮೇಲ್ಮಿತಿ. 73ನೇ ಸೆಕ್ಷನ್ ಪ್ರಕಾರ, ನಷ್ಟ ತಗ್ಗಿಸಲು ಓನರ್‌ಗೆ ಇದ್ದ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀವು ಬಿಟ್ಟ ಮರುವಾರವೇ ಹೊಸಬರು ಬಂದರೆ ಅದೇ ತಿಂಗಳಿಗೆ ನಿಮ್ಮಿಂದಲೂ ಬಾಡಿಗೆ ಕೇಳಿದರೆ ಆ ವಾದ ನ್ಯಾಯಾಲಯದಲ್ಲಿ ಊರ್ಜಿತವಾಗುವುದಿಲ್ಲ. ಅದಕ್ಕೇ ನೋಟಿಸಿನ ಜೊತೆಗೇ "ಮನೆ ನೋಡಲು ಬರುವವರಿಗೆ ಶನಿವಾರ, ಭಾನುವಾರ ತೋರಿಸುತ್ತೇನೆ" ಎಂದು ಬರೆಯಿರಿ. ಸಾಧ್ಯವಾದರೆ ಒಳ್ಳೆಯ ಬಾಡಿಗೆದಾರರನ್ನು ನೀವೇ ಹುಡುಕಿಕೊಡಿ. ಇಂಥ ಜಗಳ ಇಷ್ಟು ಬೇಗ ಇತ್ಯರ್ಥವಾಗುವ ದಾರಿ ಬೇರೆ ಇಲ್ಲ.

ಉತ್ತರ 3: ಮನೆ ಬಾಡಿಗೆಗೆ ಕೊಡೋರ ಕಡೆಯಿಂದ ಹೇಳ್ತೀನಿ. ಅಡ್ವಾನ್ಸ್‌ನಲ್ಲಿ ಕಟಾವು ಶುರುವಾಗೋದು ಗೋಡೆ, ನಲ್ಲಿ, ಅಡುಗೆಮನೆ ಮೂರರಲ್ಲಿ. ಮೊಳೆ ಹೊಡೆದ ತೂತು, ಡ್ರಿಲ್ ಮಾಡಿದ ತೂತುಗಳಿಗೆ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ಸಮ ಮಾಡಿ. ಅದರ ಮೇಲೆ ಬಣ್ಣ ಹಚ್ಚೋಕೆ ಹೋಗಬೇಡಿ, ಛಾಯೆ ಕೂಡದೆ ತೇಪೆ ಎದ್ದು ಕಾಣುತ್ತೆ. ಹೇಗಿದ್ರೂ ಪೇಂಟಿಂಗ್ ದುಡ್ಡು ಕೊಡ್ತಿದ್ದೀರಲ್ಲ. ಬೋರ್‌ವೆಲ್ ನೀರಿನ ಮನೆಯಾದರೆ ನಲ್ಲಿಯ ಬುಡದಲ್ಲಿ, ಶವರಿನ ಕಣ್ಣುಗಳಲ್ಲಿ ಬಿಳೀ ಉಪ್ಪು ಗಟ್ಟಿ ಕಟ್ಟಿರುತ್ತೆ. ಬಟ್ಟೆಯನ್ನ ವಿನೆಗರ್‌ನಲ್ಲಿ ನೆನೆಸಿ ಅರ್ಧ ಗಂಟೆ ಸುತ್ತಿಟ್ಟು ಉಜ್ಜಿದರೆ ಬಿಡುತ್ತೆ. ಚಾಕುವಿನಲ್ಲಿ ಕೆರೆದರೆ ನಲ್ಲಿಯ ಹೊಳಪೇ ಎದ್ದುಹೋಗುತ್ತೆ, ಆಮೇಲೆ ಅದನ್ನ ಹಾಳು ಮಾಡಿದ್ದೀರಿ ಅಂತಲೇ ಲೆಕ್ಕ.

ಬಳಕೆಯಿಂದ ಸಹಜವಾಗಿ ಸವೆದಿದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ, ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೇ ಅದಿದೆ. ಬಣ್ಣ ಮಾಸಿದ್ದು ಸವೆತ, ಬಾಗಿಲಿನ ಹಲಗೆ ಒಡೆದಿದ್ದು ಹಾನಿ. ಪೇಂಟಿಂಗ್‌ಗೆ ಕಟಾವು ಮಾಡಿದ ಮೇಲೆ ಗೋಡೆ ಕೊಳೆಗೆ ಅಂತ ಮತ್ತೆ ಕಟಾವು ಮಾಡಿದರೆ ಒಪ್ಪಬೇಡಿ. ರಿಪೇರಿ ಅಂತ ಹೇಳಿದ ಪ್ರತಿಯೊಂದಕ್ಕೂ ಬಿಲ್ ಕೇಳಿ.

ಉತ್ತರ 4: ಖಾಲಿ ಮಾಡೋಕೆ ಒಂದು ವಾರ ಮೊದಲೇ ಓನರ್‌ನ ಮನೆಗೆ ಕರೆದು ಎಲ್ಲ ತೋರಿಸಿ, ಕಟಾವಿನ ಪಟ್ಟಿ ಅವತ್ತೇ ಬರೆದುಕೊಳ್ಳಿ. ಸಾಮಾನು ಲಾರಿ ಹತ್ತಿದ ಮೇಲೆ ಚೌಕಾಸಿ ಮಾಡೋ ಶಕ್ತಿ ಇರಲ್ಲ. ಕೀ ಕೊಡೋ ದಿನ ಮೀಟರಿನ ಅಂಕಿ ಕಾಣೋ ಹಾಗೆ ಫೋಟೋ, ಪ್ರತಿ ರೂಮಿನ ವಿಡಿಯೋ, ಆಮೇಲೆ ಒಂದು ಹಾಳೆಯಲ್ಲಿ ಅಡ್ವಾನ್ಸ್, ಕಟಾವು, ಉಳಿದ ಮೊತ್ತ, ಕೊಟ್ಟ ಕೀಗಳ ಸಂಖ್ಯೆ ಬರೆದು ಇಬ್ಬರ ಸಹಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ನಿನ ಬಾಕಿ ಇಲ್ಲ ಅನ್ನೋ ಪತ್ರ ಮೊದಲೇ ತಗೊಳ್ಳಿ, ಇಲ್ಲದಿದ್ದರೆ ಗೇಟಿನಲ್ಲೇ ಲಾರಿ ನಿಲ್ಲಿಸ್ತಾರೆ.

"ಬ್ಯಾಂಕ್ ರಜೆ" ಅನ್ನೋ ನೆಪ ಈಗ ನಡೆಯಲ್ಲ, ನೆಫ್ಟ್, ಆರ್‌ಟಿಜಿಎಸ್ ಎರಡೂ ದಿನದ 24 ಗಂಟೆ ಇವೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಹೋಗದಂತೆ ಬ್ಯಾಂಕುಗಳು ಮಿತಿ ಹಾಕಿರ್ತವೆ. ಅದಕ್ಕೇ ಎರಡು ದಿನ ಮೊದಲೇ ನಿಮ್ಮ ಖಾತೆ ಸೇರಿಸಿ ಒಂದು ರೂಪಾಯಿ ಹಾಕಿ ನೋಡೋಕೆ ಹೇಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಆ ಮನೆಯ ಆರ್.ಆರ್. ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರೋ ಸಂಪರ್ಕದ ಸಂಖ್ಯೆ) ಸೇವಾ ಸಿಂಧುವಿನಲ್ಲಿ ಬಿಡಿಸಿಕೊಳ್ಳಿ. ಹುಬ್ಬಳ್ಳಿಯ ಮನೆಗೆ ಜೋಡಿಸೋವಾಗ ತೊಡಕಾಗಬಾರದು.

ಉತ್ತರ 5: ಇದನ್ನ ಓದ್ತಿರೋರಲ್ಲಿ ಭೋಗ್ಯಕ್ಕೆ ಇರೋರಿಗೆ ಒಂದು ಮಾತು. ಬಾಡಿಗೆ ಇಲ್ಲದೆ ಹತ್ತು-ಹನ್ನೆರಡು ಲಕ್ಷ ಇಡುಗಂಟು ಕೊಟ್ಟಿರ್ತೀರಿ. ಸಾಮಾನ್ಯವಾಗಿ ಓನರ್ ಅದನ್ನ ಖರ್ಚು ಮಾಡಿರ್ತಾರೆ, ಮುಂದಿನ ಭೋಗ್ಯದವರ ದುಡ್ಡು ಬಂದ ಮೇಲೇ ನಿಮಗೆ ಕೊಡೋದು. ಹಾಗಾಗಿ ಎರಡು ತಿಂಗಳ ನೋಟಿಸ್ ಸಾಲಲ್ಲ, ನಾಲ್ಕೈದು ತಿಂಗಳು ಮೊದಲೇ ಹೇಳಿ ಟು-ಲೆಟ್ ಬೋರ್ಡ್ ಹಾಕಿಸಿ. ಪೂರ್ತಿ ದುಡ್ಡು ಬರೋವರೆಗೆ ಮನೆ ಬಿಡಬೇಡಿ, ಇಲ್ಲಿ ನಿಮ್ಮ ಕೈಲಿರೋ ಭದ್ರತೆ ಆ ಮನೆಯೊಂದೇ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ. ಸಾಲ ಇದ್ದರೆ ತಡ ಮಾಡದೆ ವಕೀಲರನ್ನ ಕಾಣಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ಅಕಸ್ಮಾತ್ "ಚೆಕ್ ಕೊಡ್ತೀನಿ, ಮುಂದಿನ ತಿಂಗಳು ಹಾಕಿಕೊಳ್ಳಿ" ಅಂದರೆ ತಗೊಳ್ಳಬಹುದಾ?

ಉತ್ತರ 2: ತೆಗೆದುಕೊಳ್ಳಿ. ಬರಿಗೈಯಲ್ಲಿ ಹೋಗುವುದಕ್ಕಿಂತ ಎಷ್ಟೋ ಮೇಲು. ಚೆಕ್ ನಂಬರನ್ನು ಲೆಕ್ಕದ ಹಾಳೆಯಲ್ಲಿ "ಅಡ್ವಾನ್ಸ್ ಬಾಕಿಗೆ" ಎಂದೇ ಬರೆಸಿ. ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ, ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಚೆಕ್ ಬೌನ್ಸ್‌ಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ನ್ಯಾಯಾಲಯಕ್ಕೆ ದೂರು. ಗಡುವು ತಪ್ಪಿಸಿಕೊಂಡರೆ ಬಲವಾದ ಕೇಸೂ ತೊಡಕಿಗೆ ಬೀಳುತ್ತದೆ.

ಚೆಕ್ಕೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ವಕೀಲರಿಂದ 15 ದಿನದ ನೋಟಿಸ್ ಕೊಡಿಸಿ. ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ವಿಷಯ ಎಂದು ಕಳಿಸಿಬಿಡುತ್ತಾರೆ. ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಲೋಕ ಅದಾಲತ್‌ಗೆ ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ, ಮೇಲ್ಮನವಿಯೂ ಇಲ್ಲ. ಓನರ್ ಬರದೇ ಹೋದರೆ ಉಳಿಯುವುದು ದಾವೆ. ಅದಕ್ಕೆ ಮೂರು ವರ್ಷ ಕಾಲಾವಕಾಶ ಇದೆ.