ಪದಚರ್ಚೆ: ಮಸೂರ ವಿನ್ಯಾಸದ ‘ಆಪ್ಟಿಮೈಜ್’ಗೆ ‘ಹದಗೊಳಿಸು’ ಆಗಬಹುದಾ?

ಎಲ್ಲರಿಗೂ ನಮಸ್ಕಾರ.

ಉಡುಪಿ, ಮಣಿಪಾಲ ಕಡೆಯ ಡಿಗ್ರಿ ವಿದ್ಯಾರ್ಥಿಗಳಿಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಮಸೂರಗಳನ್ನು ಜೋಡಿಸಿ, ಬೆಳಕು ಹೇಗೆ ಹೋಗುತ್ತದೆ ಎಂದು ನೋಡಿ, ವಿನ್ಯಾಸವನ್ನು ತಿದ್ದುವುದು ಹೇಗೆ ಎಂಬುದು ಅದರ ವಿಷಯ. ಓಸ್ಲೋ ತಂತ್ರಾಂಶದ ಉಚಿತ ಆವೃತ್ತಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅದಕ್ಕೆ ಹತ್ತು ಮೇಲ್ಮೈಗಳ ಮಿತಿ ಇದ್ದರೂ ಮೂರು ಮಸೂರಗಳ ಜೋಡಣೆಗೆ ಸಾಕು. ಈ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಹೀಗೆ ಬೇರೆ ಬೇರೆ. ಆದರೆ ಶಾಲೆಯಲ್ಲಿ ವಿಜ್ಞಾನವನ್ನು ಕನ್ನಡದಲ್ಲೇ ಓದಿದವರು ತುಂಬ ಮಂದಿ ಇದ್ದಾರೆ. ಮಸೂರ, ವಕ್ರೀಭವನ, ಸಂಗಮ ದೂರ, ವಕ್ರತಾ ತ್ರಿಜ್ಯ ಇವೆಲ್ಲ ಅವರಿಗೆ ಬಾಯಿಪಾಠ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ.

ನನಗೆ ಅತಿ ಮುಖ್ಯವಾದ ಪದ ‘ಆಪ್ಟಿಮೈಜ್’. ಅನುವಾದಗಳಲ್ಲಿ ‘ಗರಿಷ್ಠಗೊಳಿಸು’, ‘ಅತ್ಯುತ್ತಮಗೊಳಿಸು’, ‘ಅನುಕೂಲತಮಗೊಳಿಸು’ ಎಂದೆಲ್ಲ ನೋಡಿದ್ದೇನೆ. ಮೊದಲನೆಯದು ಇಲ್ಲಿ ಸಲ್ಲುವುದೇ ಇಲ್ಲ. ಪ್ರೋಗ್ರಾಂ ಬಿಂಬದ ದೋಷವನ್ನು ಅಳೆಯುವ ಒಂದು ಸಂಖ್ಯೆಯನ್ನು ಇಳಿಸುತ್ತಾ ಹೋಗುತ್ತದೆ, ಏರಿಸುವುದಲ್ಲ. ‘ಅತ್ಯುತ್ತಮ’ ಎಂದರೆ ಇದಕ್ಕಿಂತ ಮೇಲೆ ಇನ್ನೊಂದಿಲ್ಲ ಎಂಬ ಅರ್ಥ ಬರುತ್ತದೆ. ಅಂಥ ಭರವಸೆಯನ್ನು ಪ್ರೋಗ್ರಾಂ ಕೊಡುವುದಿಲ್ಲ.

ಒಂದೇ ಒಂದು ಮಸೂರ ತೆಗೆದುಕೊಳ್ಳಿ. ಗಾಜು ಬಿಕೆ7, ವಕ್ರೀಭವನ ಸೂಚ್ಯಂಕ 1.5168. ಸಂಗಮ ದೂರ 100 ಮಿ.ಮೀ. ಬೇಕು. ಎರಡೂ ಕಡೆ ಸಮನಾಗಿ ಉಬ್ಬಿದ್ದರೆ ಎರಡೂ ತ್ರಿಜ್ಯ ಸುಮಾರು 103 ಮಿ.ಮೀ. ದೂರದ ನಕ್ಷತ್ರದ ಕಿರಣಗಳನ್ನು ಅದರ ಮೂಲಕ ಹಾಯಿಸಿದರೆ ಎಲ್ಲವೂ ಒಂದೇ ಚುಕ್ಕಿಗೆ ಬಂದು ಸೇರುವುದಿಲ್ಲ. ಅಂಚಿನಿಂದ ಬಂದ ಕಿರಣಗಳು ಮಸೂರಕ್ಕೆ ಹತ್ತಿರವೇ ಕೂಡುತ್ತವೆ, ನಡುವಿನವು ಸ್ವಲ್ಪ ಆಚೆ. ಈಗ ಎರಡು ತ್ರಿಜ್ಯಗಳನ್ನೂ ಚರ (ಪ್ರೋಗ್ರಾಂ ಬದಲಾಯಿಸಬಹುದಾದ ಅಳತೆ) ಎಂದು ಗುರುತು ಮಾಡಿ, ಸಂಗಮ ದೂರ ಬದಲಾಗಬಾರದು, ಚುಕ್ಕಿ ಚಿಕ್ಕದಾಗಬೇಕು ಎಂದು ಪ್ರೋಗ್ರಾಂಗೆ ಹೇಳಿ. ಬೆಳಕು ಬರುವ ಕಡೆಯ ಮೇಲ್ಮೈ ಹೆಚ್ಚು ಬಾಗುತ್ತದೆ, ಹಿಂದಿನದು ಚಪ್ಪಟೆಯಾಗುತ್ತಾ ಹೋಗುತ್ತದೆ. ತೆಳು ಮಸೂರದ ಲೆಕ್ಕದಲ್ಲಿ ಮುಂದಿನ ತ್ರಿಜ್ಯ 60ರ ಹತ್ತಿರ, ಹಿಂದಿನದು 400ರ ಹತ್ತಿರ ಬಂದಾಗ ಬದಲಾವಣೆ ನಿಲ್ಲುತ್ತದೆ. ಅಲ್ಲಿಂದ ಇನ್ನೂ ಬಾಗಿಸಿದರೆ ಚುಕ್ಕಿ ಮತ್ತೆ ದೊಡ್ಡದಾಗುತ್ತದೆ. ಹಾಗಂತ ನಿಂತ ಜಾಗದಲ್ಲಿ ದೋಷ ಸೊನ್ನೆಯಾಗಿದೆಯಾ? ಇಲ್ಲ. ಗೋಳಾಕಾರದ ಒಂದೇ ಮಸೂರದಲ್ಲಿ ಅದು ಸೊನ್ನೆಯಾಗುವುದಿಲ್ಲ. ಇದ್ದುದರಲ್ಲಿ ಕಮ್ಮಿಯಾಗಿದೆ, ಅಷ್ಟೇ.

ಬೆಲ್ಲದ ಪಾಕಕ್ಕೆ ನಾವು ಬಳಸುವ ‘ಹದ’ ಇದೇ ಅಲ್ವಾ? ಮೊದಲೂ ಆಗದು, ಮೀರಿದರೂ ಆಗದು. ಕೈಯಲ್ಲಿರುವ ಸಾಮಾನಿಗೆ, ಬೇಕಾದ ಕೆಲಸಕ್ಕೆ ತಕ್ಕ ಒಂದು ಸ್ಥಿತಿ. ಹಾಗಾಗಿ ‘ಆಪ್ಟಿಮೈಜ್’ಗೆ ‘ಹದಗೊಳಿಸು’, ಆ ಕೆಲಸಕ್ಕೆ ‘ಹದಗೊಳಿಕೆ’ ಎಂದು ಬರೆಯೋಣ ಅಂತಿದ್ದೇನೆ. ಅಡುಗೆಮನೆಯ ಮಾತು, ಶಾಸ್ತ್ರಕ್ಕೆ ಒಗ್ಗುವುದಿಲ್ಲ ಎಂದು ಸ್ನೇಹಿತರೊಬ್ಬರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಗದ್ದೆಗೂ ಹದ ಇದೆ, ಉಕ್ಕಿಗೂ ಹದ ಇದೆ. ಕಮ್ಮಾರರ ಹದ ಯಾವ ಶಾಸ್ತ್ರಕ್ಕೆ ಕಡಿಮೆ?

ಇದಕ್ಕೆ ಇನ್ನೂ ಒಂದು ಕಾರಣ ಇದೆ. ಡೆನ್ನಿಸ್ ಟೇಲರ್ 1893ರಲ್ಲಿ ರೂಪಿಸಿದ ಮೂರು ಮಸೂರಗಳ ಕುಕ್ ಟ್ರಿಪ್ಲೆಟ್ ಅನ್ನು ಈಗಲೂ ಎಲ್ಲ ಕಡೆ ಅಭ್ಯಾಸಕ್ಕೆ ಕೊಡುತ್ತಾರೆ. ಆರು ವಕ್ರತೆ, ಎರಡು ಗಾಳಿಯ ಅಂತರ, ಒಟ್ಟು ಎಂಟು ಚರಗಳು. ನಮ್ಮ ಬೇಡಿಕೆಗಳೂ ಎಂಟು: ಸಂಗಮ ದೂರ, ಐದು ಬಗೆಯ ವಿಪಥನ (‘ಅಬರೇಷನ್’, ಅಂದರೆ ಕಿರಣಗಳು ಬೇಕಾದಲ್ಲಿ ಕೂಡದೆ ಬಿಂಬ ಕೆಡುವ ದೋಷ), ಬಣ್ಣಕ್ಕೆ ಸಂಬಂಧಪಟ್ಟ ಎರಡು ದೋಷ. ಲೆಕ್ಕ ಸರಿಹೋಯಿತಲ್ಲ ಎಂದು ಸುಮ್ನೆ ಬಟನ್ ಒತ್ತಿದರೆ ಎರಡು ಥರ ಎಡವಟ್ಟಾಗುತ್ತದೆ. ಶುರುವಿನ ಅಳತೆ ಸರಿ ಇಲ್ಲದಿದ್ದರೆ ಪ್ರೋಗ್ರಾಂ ಹತ್ತಿರದ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಬೇರೆ ಕಡೆ ಇನ್ನೂ ಆಳದ ತಗ್ಗು ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ‘ಲೋಕಲ್ ಮಿನಿಮಮ್’ಗೆ ನಾನು ‘ಹತ್ತಿರದ ತಗ್ಗು’ ಎಂದೇ ಬರೆದಿದ್ದೇನೆ. ಇನ್ನೊಂದು, ಅಂಚಿನ ದಪ್ಪಕ್ಕೆ ಮಿತಿ ಹಾಕದಿದ್ದರೆ ಮಸೂರದ ಎರಡು ಮೇಲ್ಮೈಗಳು ಅಂಚಿನಲ್ಲಿ ಒಂದನ್ನೊಂದು ದಾಟಿಬಿಡಬಹುದು. ಪರದೆಯ ಮೇಲೆ ಸಂಖ್ಯೆ ತುಂಬಾ ಚೆನ್ನಾಗಿರುತ್ತದೆ, ಆದರೆ ಅಂಥ ಗಾಜನ್ನು ಯಾರೂ ಉಜ್ಜಿ ಮಾಡಲಾರರು. ಇದನ್ನು ‘ಅತ್ಯುತ್ತಮ’ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಹದವಾಗಿಲ್ಲ ಎಂದರೆ ವಿದ್ಯಾರ್ಥಿಗೆ ತಕ್ಷಣ ಅರ್ಥವಾಗುತ್ತದೆ.

ಹೀಗೆ ಇಳಿಸುವ ಆ ಸಂಖ್ಯೆಗೆ ಜೀಮ್ಯಾಕ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ‘ಮೆರಿಟ್ ಫಂಕ್ಷನ್’ ಎನ್ನುತ್ತಾರೆ. ಓಸ್ಲೋ, ಕೋಡ್ ವಿ ತಂತ್ರಾಂಶ ಎರಡರಲ್ಲೂ ‘ಎರರ್ ಫಂಕ್ಷನ್’. ಮೆರಿಟ್ ಎಂಬುದನ್ನು ‘ಅರ್ಹತೆ’, ‘ಗುಣ’ ಎಂದು ಕನ್ನಡಕ್ಕೆ ತಂದರೆ ಗುಣ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಬರೆಯಬೇಕಾಗುತ್ತದೆ! ‘ದೋಷಮೊತ್ತ’ ಎಂದರೆ ಸರಿಯಾಗುತ್ತದೆ ಅಂತ ನನ್ನ ಅಭಿಪ್ರಾಯ. ಬೇರೆ ಬೇರೆ ದೋಷಗಳಿಗೆ ತೂಕ ಕೊಟ್ಟು, ವರ್ಗ ಮಾಡಿ ಕೂಡಿಸುವುದೇ ಅಲ್ಲಿ ನಡೆಯುವುದು.

‘ವಿಪಥನ’ದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ದಾರಿ ತಪ್ಪಿದ್ದು ಎಂಬ ಅರ್ಥ ಬರುತ್ತದೆ. ಕಿರಣ ದಾರಿ ತಪ್ಪುವುದಿಲ್ಲ. ಪ್ರತಿ ಮೇಲ್ಮೈಯಲ್ಲೂ ಸ್ನೆಲ್ ನಿಯಮದ ಪ್ರಕಾರವೇ ಬಾಗುತ್ತದೆ. ನಮಗೆ ಬೇಕಾದಲ್ಲಿಗೆ ಬರಲಿಲ್ಲ ಅಷ್ಟೇ. ಆದರೂ ಪುಸ್ತಕಗಳಲ್ಲಿ ನೆಲೆಯಾದ ಪದ, ಅದನ್ನು ಬದಲಿಸುವುದು ಬೇಡ. ಅದರ ಬಗೆಗಳಲ್ಲಿ ‘ಕೋಮಾ’ಗೆ ಮಾತ್ರ ಒಂದು ಸಲಹೆ ಇದೆ. ಅದರಲ್ಲಿ ಅಂಚಿನ ನಕ್ಷತ್ರದ ಬಿಂಬ ಬಾಲ ಬಿಟ್ಟುಕೊಂಡು ಕಾಣುತ್ತದೆ, ಆ ಹೆಸರು ಬಂದದ್ದೂ ಧೂಮಕೇತುವಿನ ರೂಪದಿಂದಲೇ. ನಮ್ಮಲ್ಲಿ ‘ಬಾಲಚುಕ್ಕಿ’ ಎಂಬ ಚಂದದ ಪದ ಇದೆಯಲ್ಲ, ‘ಬಾಲಚುಕ್ಕಿ ವಿಪಥನ’ ಎನ್ನಬಹುದಾ? ಕಿರಣಗಳು ಎಲ್ಲೆಲ್ಲಿ ಬಂದು ಬೀಳುತ್ತವೆ ಎಂದು ತೋರಿಸುವ ‘ಸ್ಪಾಟ್ ಡಯಾಗ್ರಾಂ’ಗೆ ‘ಚುಕ್ಕಿಚಿತ್ರ’, ‘ರೇ ಟ್ರೇಸಿಂಗ್’ಗೆ ‘ಕಿರಣದ ಜಾಡು ಹಿಡಿಯುವುದು’ ಎಂದು ಹಾಕಿದ್ದೇನೆ. ಇವಕ್ಕೆ ಆಕ್ಷೇಪ ಬರಲಿಕ್ಕಿಲ್ಲ.

ತುಂಬಾ ಖುಷಿಯಿಂದ ಬರೆಯುತ್ತಿರುವುದು ಕಣ್ಣಿನ ‘ಪಾಪೆ’ಯ ಬಗ್ಗೆ. ಮಸೂರ ಜೋಡಣೆಯಲ್ಲಿ ಬೆಳಕಿಗೆ ಮಿತಿ ಹಾಕುವ ಕಿಂಡಿಗೆ ‘ಸ್ಟಾಪ್’ ಎನ್ನುತ್ತಾರೆ. ಎದುರಿನಿಂದ ನೋಡಿದಾಗ, ಮುಂದಿರುವ ಮಸೂರಗಳ ಮೂಲಕ ಕಾಣುವ ಆ ಕಿಂಡಿಯ ಬಿಂಬ ‘ಎಂಟ್ರೆನ್ಸ್ ಪ್ಯೂಪಿಲ್’. ಹಿಂದಿನಿಂದ ಕಾಣುವುದು ‘ಎಕ್ಸಿಟ್ ಪ್ಯೂಪಿಲ್’. ಕಿಂಡಿ ಬೇರೆ, ಅದರ ಬಿಂಬ ಬೇರೆ ಎಂಬುದು ವಿದ್ಯಾರ್ಥಿಗಳಿಗೆ ಬೇಗ ತಲೆಗೆ ಹೋಗುವುದಿಲ್ಲ. ಇನ್ನೊಬ್ಬರ ಕಣ್ಣಲ್ಲಿ ನಾವು ನೋಡುವ ಪಾಪೆಯೂ ನಿಜವಾದ ಕಿಂಡಿಯಲ್ಲ. ಐರಿಸ್ (ಕಣ್ಣಿನ ಬಣ್ಣದ ಭಾಗ) ನಡುವಿನ ಕಿಂಡಿಯನ್ನು ಅದರ ಮುಂದಿರುವ ಪಾರದರ್ಶಕ ಪೊರೆ ಕಾರ್ನಿಯಾ ಸುಮಾರು ಶೇ. 13ರಷ್ಟು ದೊಡ್ಡದು ಮಾಡಿ, ಸ್ವಲ್ಪ ಮುಂದಕ್ಕೆ ತಂದು ತೋರಿಸುತ್ತದೆ. ಅಂದರೆ ಕನ್ನಡಿಗರು ಪಾಪೆ ಎಂದು ಕರೆಯುತ್ತಾ ಬಂದದ್ದು ಮೊದಲಿನಿಂದಲೂ ‘ಎಂಟ್ರೆನ್ಸ್ ಪ್ಯೂಪಿಲ್’ ಅನ್ನೇ. ಹಾಗಾಗಿ ‘ಒಳಪಾಪೆ’, ‘ಹೊರಪಾಪೆ’ ಎನ್ನೋಣ ಎಂದುಕೊಂಡೆ. ಆದರೆ ‘ಒಳಪಾಪೆ’ ಎಂದರೆ ಒಳಗೆ ಇರುವ ಪಾಪೆ ಎಂದು ಓದುವ ಅಪಾಯ ಇದೆ. ‘ಮುಂಪಾಪೆ’, ‘ಹಿಂಪಾಪೆ’ ವಾಸಿಯಾ? ಕಣ್ಣಿನ ಪರೀಕ್ಷೆ ಕಲಿತವರು ಬಳಗದಲ್ಲಿದ್ದರೆ ದಯವಿಟ್ಟು ಹೇಳಿ.

ತಂತ್ರಾಂಶದ ಕೋಷ್ಟಕದಲ್ಲಿ ‘ಥಿಕ್‌ನೆಸ್’ ಎಂಬ ಕಾಲಂ ಇರುತ್ತದೆ. ಗಾಜಿಗೂ ಅದೇ, ಗಾಳಿಯ ಅಂತರಕ್ಕೂ ಅದೇ. ಗಾಳಿಗೆ ‘ದಪ್ಪ’ ಎನ್ನುವುದು ಕನ್ನಡದಲ್ಲಿ ಚೆನ್ನಾಗಿರುವುದಿಲ್ಲ. ‘ಮುಂದಿನ ಮೇಲ್ಮೈಗೆ ದೂರ’ ಎಂದು ಬಿಡಿಸಿಯೇ ಬರೆದೆ.

ಕೊನೆಯದು ‘ಟಾಲರೆನ್ಸ್’. ವಿನ್ಯಾಸ ಹದಗೊಂಡ ಮೇಲೆ, ತಯಾರಿಕೆಯಲ್ಲಿ ಅಳತೆ ಎಷ್ಟು ಆಚೀಚೆ ಆದರೆ ಹದಗೆಡುತ್ತದೆ ಎಂದು ನೋಡಬೇಕು. ಟ್ರಿಪ್ಲೆಟ್‌ನ ನಡುವಿನ ಮಸೂರ ಅಕ್ಷದಿಂದ ಸ್ವಲ್ಪ ಸರಿದರೂ ಬಿಂಬ ಕೆಡುತ್ತದೆ. ಇದಕ್ಕೆ ‘ಸಹಿಷ್ಣುತೆ’ ಎಂಬ ಪದವನ್ನು ನಾನಂತೂ ಬಳಸಲಾರೆ, ಅದು ಮನುಷ್ಯರ ಗುಣ. ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪ್‌ನಲ್ಲಿ ‘ಟಾಲರೆನ್ಸ್’ ಎಂದೇ ಅನ್ನುತ್ತಾರೆ, ಇಲ್ಲದಿದ್ದರೆ ‘ಪ್ಲಸ್ ಮೈನಸ್’. ಮರಗೆಲಸದವರು ‘ಹೆಚ್ಚುಕಮ್ಮಿ ಎಷ್ಟು ಆದರೆ ನಡೀತದೆ?’ ಎಂದು ಕೇಳುವುದನ್ನು ಕೇಳಿದ್ದೇನೆ. ‘ದಪ್ಪ 5 ಮಿ.ಮೀ., ಹೆಚ್ಚುಕಮ್ಮಿ 0.1’ ಎಂದು ಬರೆದರೆ ಓದುವವರಿಗೆ ಎಲ್ಲೂ ತಡೆಯುವುದಿಲ್ಲ. ಆದರೆ ‘ಟಾಲರೆನ್ಸ್ ಅನಾಲಿಸಿಸ್’ಗೆ ‘ಹೆಚ್ಚುಕಮ್ಮಿ ವಿಶ್ಲೇಷಣೆ’ ಎಂದರೆ ಅಂದಾಜಿನ ವಿಶ್ಲೇಷಣೆ ಎಂದಾಗಿಬಿಡುತ್ತದೆ, ಅಲ್ವಾ? ಲೇತ್ ಕೆಲಸ, ಎರಕದ ಕೆಲಸ, ದೋಣಿ ಕಟ್ಟುವ ಕೆಲಸ ಗೊತ್ತಿರುವವರು ನಿಮ್ಮ ಊರಲ್ಲಿ ಈ ಅರ್ಥಕ್ಕೆ ಯಾವ ಮಾತು ಬಳಸುತ್ತಾರೆ ಎಂದು ತಿಳಿಸುತ್ತೀರಾ?