ಓದುಗರ ಸ್ಪಂದನ: ಅಪ್ಪನ ದೂತ ಎಲ್ಲಿದ್ದ?

ಕಳೆದ ಸಂಚಿಕೆಯಲ್ಲಿ ಧಾರವಾಡದ ತಾಯಿಯೊಬ್ಬರ ಪತ್ರ ಹಾಕಿದ್ದೆವು. ಅವರ ಮಗಳಿಗೆ 16 ವರ್ಷ. ಕ್ರಿಸ್ಮಸ್ ಹೊತ್ತಿಗೆ ಚರ್ಚಿನ ಪುಸ್ತಕದ ಮಳಿಗೆಯಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಕೊಂಡಳು. ಒಬ್ಬೊಬ್ಬರನ್ನು ಕಾಯಲು ದೇವರು ಇಟ್ಟಿದ್ದಾನೆ ಎನ್ನುವ ಕಾವಲು ದೂತರಲ್ಲೊಬ್ಬ ತಾನು ಕಾಯುವ ಹುಡುಗಿಯನ್ನೇ ಪ್ರೀತಿಸುವ ಕಥೆ. ಹಿಂಬದಿಯಲ್ಲಿ ‘ಕ್ರೈಸ್ತ ಯುವಜನರಿಗಾಗಿ’ ಎಂದಿದೆ. ಅತ್ತೆಗೆ ಅದು ಮನೆಯಲ್ಲಿರುವುದೇ ಇಷ್ಟವಿಲ್ಲ. ತಾಯಿ ಮೂರು ಅಧ್ಯಾಯ ಓದಿ ನಿಲ್ಲಿಸಿದರು. ಒಂದು ರಾತ್ರಿ ಮಗಳು, ‘ಅಪ್ಪನ ಬೈಕಿಗೆ ಲಾರಿ ಗುದ್ದಿದಾಗ ಅಪ್ಪನ ದೂತ ಎಲ್ಲಿದ್ದ?’ ಅಂತ ಕೇಳಿದಳು. ಪುಸ್ತಕ ಕಿತ್ತುಕೊಳ್ಳಲೇ ಎಂಬುದು ತಾಯಿಯ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹಿರಿಯ ಓದುಗರು, ಗದಗ

ಪುನರುತ್ಥಾನವಾದವರು ಮದುವೆ ಮಾಡಿಕೊಳ್ಳುವುದಿಲ್ಲ, ಪರಲೋಕದ ದೂತರ ಹಾಗೆ ಇರುತ್ತಾರೆ ಎಂದು ಮತ್ತಾಯ 22:30ರಲ್ಲಿ ಕರ್ತನೇ ಹೇಳಿದ್ದಾನೆ. ಹಾಗಿರುವಾಗ ದೂತನಿಗೆ ಪ್ರೇಮ ಎಲ್ಲಿಂದ ಬಂತು? ನಿಮ್ಮ ಅತ್ತೆ ಹೇಳಿದ್ದು ಸರಿ. ಹಿರಿಯರ ಮಾತು ಕೇಳಿ, ಪತ್ರಿಕೆಗೆ ಬರೆಯುತ್ತಾ ಕೂರಬೇಡಿ.

*ಹಿರಿಯರ ಕಾಳಜಿ ಅರ್ಥವಾಗುತ್ತದೆ. ಅಪ್ಪನ ಬಗ್ಗೆ ಆ ಹುಡುಗಿ ಕೇಳಿದ ಮಾತಿಗೂ ಅವರಿಂದ ಒಂದು ಸಾಲು ಬಂದಿದ್ದರೆ ಚೆನ್ನಾಗಿತ್ತು. — ಸಂ.*

ಸಂಡೇ ಸ್ಕೂಲ್ ಶಿಕ್ಷಕಿ, ಮಂಗಳೂರು

ಸಹೋದರಿ, 28 ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಕ್ರಿಸ್ಮಸ್ ನಾಟಕಕ್ಕೆ ರಟ್ಟು ಕತ್ತರಿಸಿ, ಹತ್ತಿ ಅಂಟಿಸಿ ಎಷ್ಟು ಜೊತೆ ರೆಕ್ಕೆ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಲೂಕನ ಸುವಾರ್ತೆಯಲ್ಲಿ, ಮರಿಯಳಿಗೆ ಸುದ್ದಿ ತಂದ ಗಬ್ರಿಯೇಲ ದೂತನಿಗೆ ರೆಕ್ಕೆ ಇತ್ತು ಅಂತ ಎಲ್ಲೂ ಬರೆದಿಲ್ಲ. ಯೆಶಾಯ 6ರಲ್ಲಿ ದೇವರ ಸಿಂಹಾಸನದ ಬಳಿ ನಿಂತ ಸೆರಾಫಿಯರಿಗೆ ಆರಾರು ರೆಕ್ಕೆ. ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಜೀವಿಗಳಿಗೆ ನಾಲ್ಕು ರೆಕ್ಕೆ, ನಾಲ್ಕು ಮುಖ: ಮನುಷ್ಯ, ಸಿಂಹ, ಎತ್ತು, ಹದ್ದು. ಅಬ್ರಹಾಮನ ಗುಡಾರಕ್ಕೆ ಬಂದವರೋ ಮೂವರು ದಾರಿಹೋಕರ ಹಾಗಿದ್ದರು. ಮರದ ಕೆಳಗೆ ಕೂತು ರೊಟ್ಟಿ, ಮಾಂಸ, ಮೊಸರು, ಹಾಲು ತೆಗೆದುಕೊಂಡರು.

ಪ್ರೇಮದ ವಿಷಯವೂ ಆ ಲೇಖಕರು ಸುಮ್ನೆ ಹುಟ್ಟಿಸಿದ್ದಲ್ಲ. ಆದಿಕಾಂಡ 6ರಲ್ಲಿ ‘ದೇವಪುತ್ರರು’ ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾದ ಮಾತಿದೆ. ಹನೋಕನ ಗ್ರಂಥ ಎಂಬ ಹಳೆಯ ಯೆಹೂದಿ ಪುಸ್ತಕದಲ್ಲಿ ಅದೇ ದೊಡ್ಡ ಕಥೆಯಾಗಿ ಬೆಳೆದಿದೆ. ನಮ್ಮ ಸತ್ಯವೇದದಲ್ಲಿ ಆ ಗ್ರಂಥ ಇಲ್ಲ, ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯವರ ಬೈಬಲಿನಲ್ಲಿ ಇದೆ. ಯೂದನ ಪತ್ರವೂ ಹನೋಕನ ಮಾತನ್ನು ಎತ್ತಿ ಹೇಳುತ್ತದೆ. ಆದರೆ ಅಲ್ಲಿ ಆ ಮದುವೆಗಳಿಂದ ಭೂಮಿಗೆ ಕೇಡೇ ಬಂತು. ಈ ಕಾದಂಬರಿ ಅದನ್ನು ಸಿಹಿ ಮಾಡಿದೆಯೋ ಏನೋ, ಮಗಳನ್ನೇ ಕೇಳಿ.

ಕಥೆ ಅಂದ ಕೂಡಲೇ ಹೆದರಬೇಡಿ. ನಿಘಂಟಿನ ಕಿಟೆಲರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು.

ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುವವರು, ಬೆಂಗಳೂರು

ಮೇಡಂ, ಹಿಂಬದಿಯ ಆ ಸಾಲನ್ನು ಜಾಸ್ತಿ ನಂಬಬೇಡಿ. ಹಾಗಂತ ಅದು ಸುಳ್ಳೂ ಅಲ್ಲ. ಇಂಥ ಕಾದಂಬರಿಗಳು ಹೆಚ್ಚಾಗಿ ಅಮೆರಿಕದಿಂದ ಬರುತ್ತವೆ. ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್, ಟೆನೆಸಿಯ ನ್ಯಾಶ್‌ವಿಲ್, ಅಲ್ಲೆಲ್ಲ ಕ್ರೈಸ್ತ ಓದುಗರಿಗೆಂದೇ ಪುಸ್ತಕ ಮಾಡುವ ದೊಡ್ಡ ಪ್ರಕಾಶಕರಿದ್ದಾರೆ. ಕ್ರೈಸ್ತ ಕಾದಂಬರಿಗಳಿಗೆ ಕೊಡುವ ಕ್ರಿಸ್ಟಿ ಪ್ರಶಸ್ತಿಯಲ್ಲಿ ಹದಿಹರೆಯದವರ ಪುಸ್ತಕಕ್ಕೇ ಒಂದು ವಿಭಾಗ ಇದೆ. ಬೈಗುಳ, ಹಸಿಬಿಸಿ ವರ್ಣನೆ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಒಳಗಿರುವ ಬೋಧನೆ ನಿಮ್ಮ ಸಭೆಗೆ ಒಪ್ಪುತ್ತದೆ ಅಂತ ಆ ಸಾಲಿಗೆ ಅರ್ಥವಿಲ್ಲ.

ಕ್ರೈಸ್ತ ಪ್ರಕಾಶಕರದ್ದಲ್ಲದ ದೂತರ ಪ್ರೇಮಕಥೆಗಳ ರಕ್ಷಾಪುಟವೂ ಇವುಗಳ ಹಾಗೇ ಇರುತ್ತದೆ: ಕಪ್ಪು ರೆಕ್ಕೆ, ಮಂಜು, ಬೆನ್ನು ತಿರುಗಿಸಿದ ಹುಡುಗಿ. ಮೊದಲ ಹಾಳೆಯ ಹಿಂದೆ ಪ್ರಕಾಶಕರ ಹೆಸರಿರುತ್ತದೆ, ಅದನ್ನು ನೋಡಿ.

ಗೃಹಿಣಿ, ಹಾಸನ

ನಿಮ್ಮ ಮಗಳು ಪುಸ್ತಕ ಓದುತ್ತಾಳೆ. ನನ್ನ ಮಗ ಊಟಕ್ಕೆ ಕೂತರೂ ಮೊಬೈಲ್ ಬಿಡೋದಿಲ್ಲ. ದೇವರಿಗೆ ಸ್ತೋತ್ರ ಹೇಳಿ.

ಕಥೋಲಿಕ ಓದುಗರು, ಮೈಸೂರು

ನಮ್ಮಲ್ಲಿ ಅಕ್ಟೋಬರ್ 2 ಕಾವಲು ದೂತರ ಹಬ್ಬ. ನಮ್ಮ ಬೈಬಲಿನಲ್ಲಿರುವ ತೋಬಿತನ ಗ್ರಂಥವನ್ನು ಮಗಳಿಗೆ ಕೊಡಿ. ಅದರಲ್ಲಿ ರಫಾಯೇಲ ದೂತ ಹೆಸರು ಮರೆಸಿಕೊಂಡು ಹುಡುಗನ ಜೊತೆ ದೂರದ ಊರಿಗೆ ನಡೆಯುತ್ತಾನೆ. ಅವರ ಜೊತೆ ಒಂದು ನಾಯಿಯೂ ಹೋಗುತ್ತದೆ. ಹುಡುಗಿಗೆ ಇಷ್ಟವಾಗುತ್ತದೆ.

*ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ. — ಸಂ.*

ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಅಕ್ಕಾ, ನಿಮ್ಮ ಮಗಳು ಕೇಳಿದ ಮಾತು ಓದಿ ಪತ್ರಿಕೆ ಮಡಚಿಟ್ಟೆ. ಮತ್ತೆ ತೆಗೆಯೋಕೆ ಎರಡು ದಿನ ಬೇಕಾಯ್ತು.

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕ್ಯಾಲೆಂಡರ್ ಚಿತ್ರ ಇತ್ತು. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಹಲಗೆ ಮುರಿದ ಸೇತುವೆ, ಕೆಳಗೆ ಹೊಳೆ, ದಾಟುತ್ತಿರುವ ಇಬ್ಬರು ಮಕ್ಕಳು, ಹಿಂದೆ ಕೈ ಚಾಚಿ ನಿಂತ ದೂತ. ವರ್ಷ ಮುಗಿದರೂ ಅಮ್ಮ ಅದನ್ನು ಗೋಡೆಯಿಂದ ತೆಗೆದಿರಲಿಲ್ಲ. ಆ ಮಕ್ಕಳಿಗೆ ನಾನೂ ತಮ್ಮನೂ ನಮ್ಮ ಹೆಸರನ್ನೇ ಇಟ್ಟಿದ್ದೆವು. ಹುಡುಗಿಯ ಕೈಯಲ್ಲಿ ಬುಟ್ಟಿ ಇತ್ತು. ಅದರಲ್ಲಿ ಏನಿದೆ ಅಂತ ದಿನಾ ಜಗಳ. ಅವನು ಕೋಡುಬಳೆ ಅನ್ನುತ್ತಿದ್ದ.

ನನಗೆ 14, ಅವನಿಗೆ 11. ಮಳೆಗಾಲ. ಶಾಲೆಯಿಂದ ಬರುವಾಗ ಹಳ್ಳದ ಸಂಕ ದಾಟುತ್ತಾ ಜಾರಿದ. ಎರಡನೇ ದಿನ ಸಿಕ್ಕ.

ಮಣ್ಣಿಗೆ ಬಂದವರೆಲ್ಲ ‘ಅವನೀಗ ದೇವದೂತ ಆಗಿದ್ದಾನೆ’ ಅಂದರು. ಸತ್ತವರು ದೂತರಾಗುತ್ತಾರೆ ಅಂತ ಸತ್ಯವೇದದಲ್ಲಿ ಎಲ್ಲೂ ಇಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಅಮ್ಮನನ್ನು ಕೇಳಿದ್ದು ನಿಮ್ಮ ಮಗಳು ಕೇಳಿದ್ದನ್ನೇ. ಅಮ್ಮ ಕೆನ್ನೆಗೆ ಹೊಡೆದರು. ಅಲ್ಲೇ ಕೂತು ಅತ್ತರು. ಮಾರನೆ ದಿನ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಅಮ್ಮ ತೀರಿಕೊಂಡ ಮೇಲೆ ಆ ಚಿತ್ರ ನನಗೆ ಸಿಕ್ಕಿದ್ದು ಅವರ ಟ್ರಂಕಿನ ತಳದಲ್ಲಿ, ತಮ್ಮನ ಅಂಗಿಯೊಳಗೆ ಸುತ್ತಿಟ್ಟಿದ್ದರು. ಅವರಿಗೂ ಅದೇ ಪ್ರಶ್ನೆ ಇತ್ತು. 26 ವರ್ಷ ಒಂದೇ ಊರಿನಲ್ಲಿದ್ದು ನಾವಿಬ್ಬರೂ ಅದನ್ನು ಮಾತಾಡಲಿಲ್ಲ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಓದಿ ಅಕ್ಕಾ. ಪೇತ್ರನನ್ನು ದೂತ ಸೆರೆಮನೆಯಿಂದ ಬಿಡಿಸಿದ ಕಥೆ ಎಲ್ಲರಿಗೂ ಗೊತ್ತು. ಪಕ್ಕೆ ತಟ್ಟಿ ಎಬ್ಬಿಸುತ್ತಾನೆ, ಸರಪಳಿ ಕಳಚಿ ಬೀಳುತ್ತದೆ, ಕಬ್ಬಿಣದ ಬಾಗಿಲು ತಾನಾಗೇ ತೆರೆಯುತ್ತದೆ. ಪೇತ್ರ ಬಂದು ಕದ ತಟ್ಟಿದಾಗ ಒಳಗಿದ್ದವರು ‘ಅವನ ದೂತ ಇರಬೇಕು’ ಅನ್ನುತ್ತಾರೆ. ಆದರೆ ಅದೇ ಅಧ್ಯಾಯದ 2ನೇ ವಚನದಲ್ಲಿ ಯೋಹಾನನ ಅಣ್ಣ, ಪೇತ್ರನ ಹಾಗೇ ಯೇಸುವಿನ ಶಿಷ್ಯನಾಗಿದ್ದ ಯಾಕೋಬನನ್ನು ಹೆರೋದ ರಾಜ ಕತ್ತಿಯಿಂದ ಕೊಲ್ಲಿಸಿರುತ್ತಾನೆ. ಒಂದೇ ಸಾಲು. ಅವನ ಹತ್ತಿರ ದೂತ ಬರಲಿಲ್ಲ. ಯಾಕೆ ಅಂತ ಈ ಪುಸ್ತಕ ಬರೆದ ಲೂಕ ಹೇಳುವುದಿಲ್ಲ. ಪೇತ್ರ ಬಿಡುಗಡೆಯಾದ ಸುದ್ದಿ ಯಾಕೋಬನ ತಾಯಿಗೆ ಮುಟ್ಟಿದ್ದರೆ ಆಕೆಗೆ ಹೇಗಾಗಿರಬೇಕು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇಲ್ಲದಿದ್ದರೂ ಪರವಾಗಿಲ್ಲ. ‘ನನಗೂ ಗೊತ್ತಿಲ್ಲ ಪುಟ್ಟಾ, ನಾನೂ ದಿನಾ ಕೇಳ್ತೀನಿ’ ಅಂತ ಅವಳಿಗೆ ಹೇಳಿ. ನಮ್ಮಮ್ಮ ಅಷ್ಟು ಹೇಳಿದ್ದರೆ ಸಾಕಿತ್ತು.

*ಕೊನೆಯದು ಅದೇ ಪುಸ್ತಕ ಓದಿರುವ ಹುಡುಗಿಯ ಪತ್ರ. ಇದನ್ನು ಧಾರವಾಡದ ಆ ತಾಯಿಗೆ ಮೊದಲೇ ಕಳಿಸಿಕೊಟ್ಟಿದ್ದೇವೆ. — ಸಂ.*

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಆಂಟಿ, ನೀವು ಹೇಳಿದ ಕಥೆ ನೋಡಿದ್ರೆ ಅದೇ ಪುಸ್ತಕ, ನಾನೂ ಓದಿದ್ದೀನಿ. ಲವ್ ಸ್ಟೋರಿ ಅಷ್ಟೇನೂ ಚೆನ್ನಾಗಿಲ್ಲ. ಆದ್ರೆ 9ನೇ ಅಧ್ಯಾಯದಲ್ಲಿ ಆ ದೂತ ತನ್ನ ಕೈಯಲ್ಲಿ ಉಳಿಸೋಕಾಗದ ಒಬ್ಬ ಮನುಷ್ಯನ ಕಥೆ ಹೇಳ್ತಾನೆ. ರಸ್ತೆ ಬದಿಯಲ್ಲಿ ಬೆಳಗಿನ ತನಕ ಅವನ ಪಕ್ಕದಲ್ಲೇ ಕೂತಿರ್ತಾನೆ. ನಿಮ್ಮ ಮಗಳು ಅಲ್ಲಿವರೆಗೆ ಓದಿರಬೇಕು. ನೀವು ಮೂರಕ್ಕೇ ನಿಲ್ಲಿಸಿದ್ದೀರಿ ಅಲ್ವಾ, ಆಂಟಿ? ಇನ್ನು ಆರೇ ಅಧ್ಯಾಯ.