ಜರ್ಮನಿಯ ಕಂಪನಿ ಹುಡುಗರಿಗೆ ಕೆಲಸ ಕಲಿಸುತ್ತದೆ, ನಮ್ಮಲ್ಲಿ ಯಾಕೆ ಕಲಿಸುವುದಿಲ್ಲ?

ಕಬ್ಬಿನಗದ್ದೆ, ಮಂಡ್ಯ:
ನನ್ನ ಮಗ ಐಟಿಐ ಫಿಟ್ಟರ್. ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ವರ್ಷ ಅಪ್ರೆಂಟಿಸ್ ಆಗಿದ್ದ. ದಿನವೂ ಕತ್ತಲಿರುವಾಗಲೇ ಎದ್ದು ರೈಲು ಹಿಡಿಯುತ್ತಿದ್ದ. ವರ್ಷಪೂರ್ತಿ ಪ್ಯಾಕಿಂಗ್ ಮಾಡಿಸಿದರು. ಮಷಿನ್ ಮುಂದೆ ನಿಂತದ್ದು ಎರಡು ವಾರ ಅಷ್ಟೇ. ಅವಧಿ ಮುಗಿದ ದಿನ ಸರ್ಟಿಫಿಕೇಟ್ ಕೈಗಿಟ್ಟು ಕಳಿಸಿದರು, ಮಾರನೇ ದಿನ ಹೊಸ ಬ್ಯಾಚ್ ಬಂತು. ನಮ್ಮಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದಾನೆ. ಅಲ್ಲಿ ಕಂಪನಿಯೇ ಮೂರೂವರೆ ವರ್ಷ ಸಂಬಳ ಕೊಟ್ಟು ಕಲಿಸುತ್ತದೆ ಅನ್ನುತ್ತಾನೆ. ಅವರೂ ಲಾಭಕ್ಕೇ ಕಂಪನಿ ನಡೆಸುವವರು ಅಲ್ವಾ?

ಹಳೇ ಟರ್ನರ್, ಮೈಸೂರು:
ಅಣ್ಣಾ, ಓದಿ ಹೊಟ್ಟೆ ಉರಿಯಿತು. ನಾನು ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮಿನಲ್ಲಿ 31 ವರ್ಷ ದುಡಿದವನು. ಒಬ್ಬ ಹುಡುಗನಿಗೆ ಪಕ್ಕದಲ್ಲಿ ನಿಂತು ಮೈಕ್ರೋಮೀಟರ್, ಅಂದರೆ ತೀರಾ ಸಣ್ಣ ದಪ್ಪ ಅಳೆಯುವ ಸಾಧನ, ಓದುವುದು ಕಲಿಸಿದೆ. ಅದರ ತಿರುಗಿಸುವ ಹಿಡಿ ಥಿಂಬಲ್ ಅನ್ನು ಬಿಗಿಯಾಗಿ ತಿರುಗಿಸುತ್ತಿದ್ದ, ಅಳತೆ ತಪ್ಪುತ್ತಿತ್ತು. ತುದಿಯಲ್ಲಿ ಒತ್ತಡ ಮೀರದಂತೆ ತಡೆಯುವ ರ‍್ಯಾಚೆಟ್ ಹಿಡಿದು ತಿರುಗಿಸಪ್ಪ ಅಂತ ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ಕೈ ಪಳಗಿದ ಮೇಲೆ ಪಕ್ಕದ ಶೆಡ್‌ನವರು ಎರಡು ಸಾವಿರ ಜಾಸ್ತಿ ಕೊಟ್ಟು ಕರೆದುಕೊಂಡರು. "ಇನ್ಯಾರಿಗೂ ಕಲಿಸಬೇಡಿ" ಅಂದರು ನಮ್ಮ ಮಾಲೀಕರು. ಅವರ ಲೆಕ್ಕದಲ್ಲಿ ಅದು ಸರಿ.

ಜರ್ಮನಿಯಲ್ಲಿ ಆ ಲೆಕ್ಕವೇ ಬೇರೆ. ಲೋಹದ ಉದ್ಯಮದಲ್ಲಿ ಕಾರ್ಮಿಕ ಸಂಘ, ಮಾಲೀಕರ ಸಂಘ ಎರಡೂ ಕೂತು ಪ್ರಾಂತ್ಯಕ್ಕೊಂದು ಸಂಬಳದ ಒಪ್ಪಂದ ಮಾಡಿಕೊಳ್ಳುತ್ತವೆ. ಸಂಬಳ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪಕ್ಕದವನು ದುಡ್ಡಿನ ಆಸೆ ತೋರಿಸಿ ಹುಡುಗನನ್ನು ಎಳೆದುಕೊಳ್ಳುವುದು ಕಷ್ಟ. ಕೊನೆಯ ಪರೀಕ್ಷೆ ನಡೆಸುವುದು ಕಂಪನಿಯಲ್ಲ, ಊರಿನ ಕೈಗಾರಿಕಾ ಮಂಡಳಿ. ಸುಮ್ನೆ ಪ್ಯಾಕಿಂಗ್ ಮಾಡಿಸಿ ಕಳಿಸಿದರೆ ಅಲ್ಲಿ ಬಣ್ಣ ಬಯಲಾಗುತ್ತದೆ. 2000ಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಂಪನಿಯಲ್ಲಿ ಆಡಳಿತದವರ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ಕೆಲಸಗಾರರ ಕಡೆಯವರಿಗೆ. 1976ರ ಕಾನೂನು ಅದು. ಕಲಿಸುವುದನ್ನು ನಿಲ್ಲಿಸಲು ಹೊರಟರೆ ಅಲ್ಲೇ ಕೇಳುವವರಿದ್ದಾರೆ.

ಬ್ಯಾಂಕ್ ಕೌಂಟರ್, ಮೈಸೂರು:
ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಿ ಸರ್. ಜರ್ಮನಿಯ ಸಣ್ಣ ಕಾರ್ಖಾನೆಗಳಿಗೆ ಊರಿನ ಉಳಿತಾಯ ಬ್ಯಾಂಕುಗಳು ವರ್ಷಾನುಗಟ್ಟಲೆ ಸಾಲ ಕೊಟ್ಟು ಜೊತೆಗಿರುತ್ತವೆ. ಹಾಗಾಗಿ ಕಲಿಸಿದ್ದರ ಫಲಕ್ಕೆ ಮಾಲೀಕರು ಕಾಯಬಹುದು. ಅಮೆರಿಕದ ದೊಡ್ಡ ಕಂಪನಿ ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕು, ಕೆಲಸದಿಂದ ತೆಗೆಯುವುದೂ ಸುಲಭ. ಹಾಗಾಗಿ ಅಮೆರಿಕದ ಹುಡುಗರು ಯಾವ ಕಂಪನಿಗೆ ಹೋದರೂ ನಡೆಯುವ ಓದನ್ನು ತಾವೇ ಸಾಲ ಮಾಡಿ ಓದುತ್ತಾರೆ.

ಕಬ್ಬಿನಗದ್ದೆ, ಮಂಡ್ಯ:
ಈಗ ಅರ್ಥವಾಯಿತು. ನಮ್ಮೂರಿನ ಸಕ್ಕರೆ ಕಾರ್ಖಾನೆ 1933ರಲ್ಲಿ ಒಂಟಿಯಾಗಿ ಬರಲಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂತು, ಗದ್ದೆಗೆ ಕಬ್ಬು ಬಂತು, ಸರ್ಕಾರವೂ ಜೊತೆಗೆ ನಿಂತಿತು. ಕಲಿಸುವುದಕ್ಕೂ ಅಂಥ ಏರ್ಪಾಡು ಬೇಕು. ಆದರೆ ನನ್ನ ಮಗನಿಗೆ ಈಗಲೇ 22.

ಹಳೇ ಟರ್ನರ್, ಮೈಸೂರು:
ಮೈಸೂರಿನ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ, ವಿಚಾರಿಸಿ ಅಣ್ಣಾ. ಡೆನ್ಮಾರ್ಕಿನವರ ನೆರವಿನಿಂದ ಶುರುವಾದ ಸಂಸ್ಥೆ, ಮಷಿನ್ ಮುಂದೆ ನಿಲ್ಲಿಸಿ ಕಲಿಸುತ್ತಾರೆ. ಭಾನುವಾರ ಹುಡುಗನನ್ನು ನಮ್ಮ ಮನೆಗೂ ಕಳಿಸಿ. ಮೈಕ್ರೋಮೀಟರ್ ಇನ್ನೂ ನನ್ನ ಹತ್ತಿರ ಇದೆ.